ಅಪ್ಪನ ಹೆಬ್ಬೆರಳಿನ ಅಳತೆ

"ಅದನ್ನ ಈಗ್ಲೇ ಮುಂದೆ ಇಡಬೇಡ, ಅಮ್ಮ," ಎಂದಳು ಗುಂಡಿ.

ಅಮ್ಮ ಆಗಲೇ ಗುಲಾಬಿ ಕಟ್ಟಿನ ದಾರ ಬಿಚ್ಚಿದ್ದಳು. ಅಪ್ಪನನ್ನು ಮಣ್ಣು ಮಾಡಿದ ಮೇಲೆ ಹೂವಿನ ಅಂಗಡಿಯ ಬಾಗಿಲು ತೆಗೆದದ್ದು ಅದೇ ಮೊದಲು. ಲಾರಿ ಎಂದಿನಂತೆ ಬಂದು ಹೂವು ಇಳಿಸಿ ಹೋಗಿತ್ತು. ಡ್ರೈವರ್ ಮಾತ್ರ ಹಾರ್ನ್ ಹೊಡೆದಿರಲಿಲ್ಲ.

"ಯಾಕೆ?"

"ಅವು ಇನ್ನೂ ಸುಧಾರಿಸ್ಕೊಂಡಿಲ್ಲ."

ಅದು ಅಪ್ಪನ ಮಾತು. ದೂರದಿಂದ ಬಂದ ಹೂವನ್ನು ಅಪ್ಪ ಕೂಡಲೇ ಮಾರುತ್ತಿರಲಿಲ್ಲ. ಮುಳ್ಳು, ಎಲೆ ತೆಗೆದು, ದಂಟಿನ ತುದಿ ಓರೆಯಾಗಿ ಕತ್ತರಿಸಿ, ಬಕೆಟ್ಟಿನ ನೀರಿನಲ್ಲಿ ಕುತ್ತಿಗೆಯವರೆಗೆ ನಿಲ್ಲಿಸಿ ಹಿಂದಿನ ಕತ್ತಲೆ ಕೋಣೆಯಲ್ಲಿ ಇಡುತ್ತಿದ್ದ. "ಪಾಪ, ಲಾರೀಲಿ ಬಂದು ಸುಸ್ತಾಗಿವೆ. ಸುಧಾರಿಸ್ಕೊಳ್ಳಲಿ ಬಿಡು," ಅನ್ನುತ್ತಿದ್ದ.

ಮನೆಗೆ ಬಂದವರೆಲ್ಲ ಅಮ್ಮನಿಗೂ ಅದನ್ನೇ ಹೇಳಿದ್ದರು. ಸುಧಾರಿಸ್ಕೊಳ್ಳಮ್ಮ, ಸುಧಾರಿಸ್ಕೊ. ಹೇಗೆ ಎಂದು ಯಾರೂ ಹೇಳಿರಲಿಲ್ಲ.

"ಹೌದಲ್ಲ, ಮರೆತೇಬಿಟ್ಟೆ," ಎಂದು ಅಮ್ಮ ಬರಿಗೈಯಲ್ಲೇ ಮುಳ್ಳು ತೆಗೆಯಲು ಕೂತಳು. ಕೈಗವಸು ಹರಿದು ಹೋಗಿತ್ತು. ಹೂವಿನವರ ಕೈ ದಿನವೆಲ್ಲ ತಣ್ಣೀರು, ದಂಟಿನ ರಸದಲ್ಲೇ ಇರುತ್ತದೆ. ಅಮ್ಮನ ಬೆರಳುಗಳು ಒಣಗಿದ ಕೆರೆಯಂತೆ ಬಿರುಕು ಬಿಟ್ಟಿದ್ದವು. ಅಪ್ಪನ ಹೆಬ್ಬೆರಳಂತೂ ಸೀಳಿ, ಮುಟ್ಟಿದರೆ ಉರಿಯುತ್ತಿತ್ತು. ಅದಕ್ಕೇ ಅಪ್ಪ ಮುಳ್ಳು ತೆಗೆಯುವಾಗ ಅಂಗುಸ್ತಾನ ಹಾಕಿಕೊಳ್ಳುತ್ತಿದ್ದ. ಸೂಜಿ ಚುಚ್ಚದಿರಲೆಂದು ದರ್ಜಿಗಳು ಬೆರಳಿಗೆ ಹಾಕಿಕೊಳ್ಳುವ ಹಿತ್ತಾಳೆಯ ಪುಟ್ಟ ಟೊಪ್ಪಿ ಅದು.

ಅದೀಗ ಗುಂಡಿಯ ಯೂನಿಫಾರ್ಮ್ ಜೇಬಿನಲ್ಲಿತ್ತು. ಅಪ್ಪ ಅಂಗಡಿಯಲ್ಲಿ ಕುಸಿದು ಬಿದ್ದಾಗ ಬೆಂಚಿನ ಕೆಳಗೆ ಉರುಳಿತ್ತು. ಎಲ್ಲರೂ ಅಪ್ಪನನ್ನು ಎತ್ತುತ್ತಿದ್ದಾಗ ಅವಳು ಅದನ್ನು ಎತ್ತಿಕೊಂಡಿದ್ದಳು.

"ಅಮ್ಮ, ರಕ್ತ."

"ಎಲ್ಲಿ?"

ಮೇಜಿನ ಮೇಲಿದ್ದ ಬಿಳಿ ಕಾಗದಕ್ಕೆಲ್ಲ ಹತ್ತಿತ್ತು. ಅಮ್ಮನಿಗೆ ಗೊತ್ತೇ ಆಗಿರಲಿಲ್ಲ.

ಗುಂಡಿ ಜೇಬಿನಿಂದ ಅಂಗುಸ್ತಾನ ತೆಗೆದು ಅಮ್ಮನ ಹೆಬ್ಬೆರಳಿಗೆ ತೊಡಿಸಿದಳು. ಅದು ನಿಲ್ಲದೆ ಗಿರ್ರನೆ ತಿರುಗಿತು.

"ಇದು ಪಕ್ಕದಂಗಡಿ ದರ್ಜಿ ಮಾಮಂದು," ಎಂದಳು ಅಮ್ಮ. "ಗಾಯ ವಾಸಿಯಾಗೋವರೆಗೆ ಅಂತ ನಿಮ್ಮಪ್ಪ ಇಸ್ಕೊಂಡಿದ್ರು. ಕೊಟ್ಟು ಬಾ."

"ಕೊಡಲ್ಲ. ಅಪ್ಪನ ಬಟ್ಟೆ ಎಲ್ಲ ಚಿಕ್ಕಪ್ಪ ತಗೊಂಡು ಹೋದ. ನಂಗೆ ಇದೊಂದೇ ಇರೋದು."

ಅಮ್ಮ ಬೈದಿದ್ದರೆ ಅಳಬಹುದಿತ್ತು. ಬೈಯಲಿಲ್ಲ. ಅಂಗುಸ್ತಾನವನ್ನು ಗುಂಡಿಯ ಅಂಗೈಯಲ್ಲಿಟ್ಟು, ಇನ್ನೊಂದು ಗುಲಾಬಿ ಎತ್ತಿಕೊಂಡಳು.

ಸ್ಕೂಲಿನಲ್ಲಿ ಗುಂಡಿ ಅದನ್ನು ಬೆರಳಿಗೆ ಹಾಕಿಕೊಂಡು, ಕೈಯನ್ನು ಡೆಸ್ಕಿನ ಕೆಳಗೆ ಬಚ್ಚಿಟ್ಟು ಕೂತಳು.

"ಏನೇ ಅದು? ಉಂಗುರಾನಾ? ತೋರ್ಸೇ," ಎಂದಳು ಪಕ್ಕದವಳು.

"ಏನಿಲ್ಲ. ಬೋರ್ಡ್ ನೋಡು."

ಬೆಳಿಗ್ಗೆ ಅದರೊಳಗೆ ಹಸಿ ದಂಟಿನ ವಾಸನೆ ಇತ್ತು, ಅಪ್ಪನ ಕೈಯದೇ ವಾಸನೆ. ಮಧ್ಯಾಹ್ನ ಮೂಸಿ ನೋಡಿದಳು. ಬೆವರು ತಾಗಿ ಬರೀ ಹಿತ್ತಾಳೆಯ ವಾಸನೆ ಬರುತ್ತಿತ್ತು. ಆಮೇಲೆ ಅವಳು ಮೂಸಲಿಲ್ಲ.

ಸಂಜೆ ಬರುವಾಗ ದರ್ಜಿ ಮಾಮ ದಪ್ಪ ಕೋಟೊಂದಕ್ಕೆ ಕೈಹೊಲಿಗೆ ಹಾಕುತ್ತಿದ್ದರು. ಅವಳಿಗೆ ಗುಂಡಿ ಎಂದು ಹೆಸರಿಟ್ಟವರೇ ಅವರು.

"ಏನೇ ಗುಂಡಿ, ಯಾವ ಅಂಗಿಯಿಂದ ಕಿತ್ಕೊಂಡು ಬಂದೆ?"

ದಿನಾ ಕೇಳುವ ಮಾತೇ. ಇವತ್ತು ಇಬ್ಬರೂ ನಗಲಿಲ್ಲ. ಮಾಮನ ನಡುಬೆರಳಿಗೆ ಪ್ಲಾಸ್ಟರ್ ಸುತ್ತಿತ್ತು. ಅದರ ಮೇಲೂ ಕೆಂಪು ಚುಕ್ಕೆಗಳಿದ್ದವು.

"ಬೆರಳಿಗೆ ಏನಾಯ್ತು, ಮಾಮ?"

"ಸೂಜಿಗೆ ವಯಸ್ಸಾಯ್ತು. ಬಟ್ಟೆ ಯಾವುದು, ಬೆರಳು ಯಾವುದು ಗೊತ್ತಾಗಲ್ಲ ಅದಕ್ಕೆ."

"ನಿಮ್ಮ ಅಂಗುಸ್ತಾನ?"

ಮಾಮ ಸೂಜಿಯ ಕಣ್ಣಿಗೆ ದಾರ ಪೋಣಿಸತೊಡಗಿದರು. ದಾರ ಆಗಲೇ ಪೋಣಿಸಿತ್ತು.

"ಇಲ್ಲೇ ಎಲ್ಲೋ ಇರುತ್ತೆ ಬಿಡು. ಸಿಕ್ಕಾಗ ಸಿಗುತ್ತೆ."

ಎಲ್ಲಿದೆಯೆಂದು ಅವರಿಗೆ ಗೊತ್ತಿತ್ತು. ಅವರಾಗಿ ಎಂದೂ ಕೇಳುವವರಲ್ಲ ಎಂದು ಗುಂಡಿಗೆ ಗೊತ್ತಾಯಿತು.

ಅವಳು ಬೆರಳಿನಿಂದ ತೆಗೆದು ಕೊಟ್ಟಳು. ಮಾಮ ಪ್ಲಾಸ್ಟರ್ ಬಿಚ್ಚಿ ಹಾಕಿಕೊಂಡರು. ಕೈ ಬಗ್ಗಿಸಿದ್ದೇ ಅದು ಜಾರಿ ನೆಲಕ್ಕೆ ಬಿತ್ತು.

"ಅಪ್ಪ ಇಕ್ಕಳದಲ್ಲಿ ಅಗಲ ಮಾಡಿದ್ದ," ಎಂದಳು ಗುಂಡಿ ಮೆಲ್ಲಗೆ. "ಬೆರಳು ಹೋಗ್ತಿರಲಿಲ್ಲ ಅಂತ."

"ಹೋಗೋದು ಹೇಗೆ? ನಿಮ್ಮಪ್ಪನ ಹೆಬ್ಬೆರಳು ಏನು ಬೆರಳಾ ಅದು, ಬದನೆಕಾಯಿ."

"ತಟ್ಟಿ ಚಿಕ್ಕದು ಮಾಡ್ತೀರಾ?"

ಮಾಮ ಅಂಗುಸ್ತಾನವನ್ನು ಬೆಳಕಿಗೆ ಹಿಡಿದು ನೋಡಿದರು. ಮೇಜಿನ ಮೇಲೆ ಸುತ್ತಿಗೆ ಇತ್ತು. ಅವರು ಅದನ್ನು ಮುಟ್ಟಲಿಲ್ಲ. ಮೆತ್ತನೆಯ ಬಟ್ಟೆಯ ಚೂರೊಂದನ್ನು ಕತ್ತರಿಸಿ ಬೆರಳಿಗೆ ಸುತ್ತಿಕೊಂಡು, ಅದರ ಮೇಲೆ ಅಂಗುಸ್ತಾನ ತೊಟ್ಟರು. ಈಗ ಸರಿಯಾಗಿ ಕೂತಿತು.

"ಹೀಗೇ ಇರಲಿ," ಎಂದರು.

ಸೂಜಿ ದಪ್ಪ ಬಟ್ಟೆಯೊಳಗೆ ಇಳಿಯಿತು. ಟಕ್. ಮತ್ತೆ ಟಕ್. ಗುಂಡಿ ಸ್ವಲ್ಪ ಹೊತ್ತು ಆ ಸದ್ದು ಕೇಳುತ್ತ ನಿಂತಳು.

"ಮಾಮ, ಅಂಥದ್ದೇ ಇನ್ನೊಂದು ಚೂರು ಕೊಡ್ತೀರಾ? ಅಮ್ಮಂಗೆ, ಮುಳ್ಳು ತೆಗೆಯುವಾಗ ಬೆರಳಿಗೆ ಸುತ್ಕೊಳ್ಳೋಕೆ."

ಮಾಮ ಕತ್ತರಿ ಕೈಗೆತ್ತಿಕೊಂಡರು. "ಎಷ್ಟು ಅಗಲ ಬೇಕು?"

"ಸಣ್ಣದು ಸಾಕು," ಎಂದಳು ಗುಂಡಿ. "ಅಮ್ಮನ ಬೆರಳು ತುಂಬ ತೆಳ್ಳಗಿದೆ."