ಹೊದಿಕೆ ಎತ್ತದವರು

2025ರ ಜೂನ್ 17, ಮಂಗಳವಾರ. ಬೆಳಿಗ್ಗೆ 10 ಗಂಟೆ 40 ನಿಮಿಷಕ್ಕೆ ಒಬ್ಬರು ಒದ್ದೆ ಪಂಚೆಯಲ್ಲೇ ಠಾಣೆಯ ಮೆಟ್ಟಿಲು ಹತ್ತಿದರು. ಹೆಗಲ ಮೇಲೊಂದು ಟವೆಲು, ಕಾಲಲ್ಲಿ ಚಪ್ಪಲಿಯಿಲ್ಲ. ಬಾಗಿಲಲ್ಲಿದ್ದ ಸೆಂಟ್ರಿ ತಡೆಯುವುದೋ ಬಿಡುವುದೋ ತಿಳಿಯದೆ ಒಳಗೆ ನೋಡಿದ. ಇನ್ಸ್‌ಪೆಕ್ಟರ್ ಮರುಳಸಿದ್ದಪ್ಪ ಕೂತಲ್ಲಿಂದಲೇ ಕೈ ಮಾಡಿ ಕರೆದರು.

ಬಂದವರು ವಿಜಯಕುಮಾರ್. ವಯಸ್ಸು ಐವತ್ತೆರಡು, ಪದ್ಮನಾಭನಗರದಲ್ಲಿ ಹಾರ್ಡ್‌ವೇರ್ ಅಂಗಡಿ.

"ನಮ್ ತಂದೆ ತೀರ್ಕೊಂಡ್ರು ಸಾರ್, ಬೆಳಗಿನ ಜಾವ. ಸಂಜೆಗಂಪು ನರ್ಸಿಂಗ್ ಹೋಂನಲ್ಲಿ."

"ಹೆಸರು?"

"ಪರಮಶಿವಯ್ಯ. ಎಂಬತ್ತೊಂದು ವರ್ಷ."

"ಏನು ದೂರು?"

ನೀರು ತರಿಸಿ ಕುಡಿಸಿದ ಮೇಲೆ ಮಾತು ಹೊರಟಿತು. "ಸ್ನಾನ ಮಾಡಿಸ್ತಿದ್ವಿ ಸಾರ್. ಬೆನ್ನು ತೊಳೆಯೋಕೆ ಅಂತ ಹೊರಳಿಸಿದ್ವಿ. ಸೊಂಟದ ಕೆಳಗೆ ಹುಣ್ಣು. ನನ್ ಮುಷ್ಟಿ ಒಳಗೆ ಹೋಗುತ್ತೆ, ಅಷ್ಟು ದೊಡ್ಡದು. ಮೂಳೆ ಕಾಣ್ಸುತ್ತೆ."

ಅವರದು ಶಿವಭಕ್ತರ ಮನೆತನ. ಅವರಲ್ಲಿ ಸತ್ತವರನ್ನು ಸುಡುವುದಿಲ್ಲ. ಮನೆಯವರೇ ಸ್ನಾನ ಮಾಡಿಸಿ, ವಿಭೂತಿ ಹಚ್ಚಿ, ಕೂರಿಸಿ, ಕೂತ ಭಂಗಿಯಲ್ಲೇ ಮಣ್ಣು ಮಾಡುತ್ತಾರೆ. ನರ್ಸಿಂಗ್ ಹೋಂನವರು ದೇಹವನ್ನು ಬಿಳಿ ಬಟ್ಟೆಯಲ್ಲಿ ಸುತ್ತಿ, ಮೇಲೆ ಪ್ಲಾಸ್ಟಿಕ್ ಬಿಗಿದು, ಸ್ನಾನವಾಗಿದೆ, ಸೋಂಕಿರುತ್ತದೆ, ಬಿಚ್ಚಬೇಡಿ ಎಂದು ಹೇಳಿ ಕಳಿಸಿದ್ದರು. ನೇರವಾಗಿ ಚಿತಾಗಾರಕ್ಕೆ ಒಯ್ಯುವ ಮನೆಯಾಗಿದ್ದರೆ ಸಂಗತಿ ಅಲ್ಲಿಗೇ ಬೂದಿಯಾಗುತ್ತಿತ್ತು.

"ನೀವು ನೋಡೋಕೆ ಹೋಗ್ತಿರ್ಲಿಲ್ವಾ?"

"ಪ್ರತಿ ಭಾನುವಾರ ಹೋಗ್ತಿದ್ದೆ. ಮುಖಕ್ಕೆ ಪೌಡರ್ ಹಾಕಿ, ವಿಭೂತಿ ಇಟ್ಟು, ಎದೆವರೆಗೂ ಹೊದಿಸಿರ್ತಿದ್ರು. ಪಾರ್ಶ್ವವಾಯು ಹೊಡೆದ ಮೇಲೆ ಅಪ್ಪಾಜಿಗೆ ಮಾತಿರ್ಲಿಲ್ಲ. ನಾನು ಮುಖ ನೋಡ್ಕೊಂಡು ಬರ್ತಿದ್ದೆ." ಅವರು ಟವೆಲಿನಿಂದ ಮೂಗು ಒರೆಸಿಕೊಂಡರು. "ಆ ನರ್ಸಿಂಗ್ ಹೋಂಗೆ ಫೋನಲ್ಲಿ ಐದು ಸ್ಟಾರ್ ಕೊಟ್ಟಿದ್ದೀನಿ ಸಾರ್. ಅದನ್ನೂ ದೂರಲ್ಲಿ ಬರೀಬೇಕಾ?"

"ಬರೀಬೇಕು," ಎಂದರು ಮರುಳಸಿದ್ದಪ್ಪ.

ಗಟ್ಟಿಯಾಗಿಯೇ ಹೇಳಿದರು. ಆದರೆ ಸಂಜೆಗಂಪು ಎಂಬ ಹೆಸರು ಕಿವಿಗೆ ಬಿದ್ದಾಗಿನಿಂದ ಅವರು ವಿಜಯಕುಮಾರ್ ಮುಖ ನೋಡಿರಲಿಲ್ಲ. ಯಾಕೆಂದು ಗೊತ್ತಿಲ್ಲದೆ ಏನಿಲ್ಲ. ಮೂರು ವಾರದ ಹಿಂದೆ ಅವರೇ ಆ ನರ್ಸಿಂಗ್ ಹೋಂಗೆ ಹೋಗಿ ಬಂದಿದ್ದರು.

11 ಗಂಟೆ 25 ನಿಮಿಷಕ್ಕೆ ಭಾರತೀಯ ನ್ಯಾಯ ಸಂಹಿತೆಯ ಕಲಂ 106(1)ರಡಿ, ನಿರ್ಲಕ್ಷ್ಯದಿಂದ ಸಾವು ಎಂದು ಎಫ್‌ಐಆರ್ ದಾಖಲಾಯಿತು. ಮನೆಯಲ್ಲಿ ಶವವನ್ನು ಆಗಲೇ ಗೋಡೆಗೆ ಒರಗಿಸಿ ಕೂರಿಸಿದ್ದರು. ಕೂತವರನ್ನು ಎಬ್ಬಿಸಿ ಕೊಯ್ಯಲು ಒಯ್ಯುವುದೆಂದರೇನು ಎಂದು ಹಿರಿಯರು ಗದರಿದರು. ಮರುಳಸಿದ್ದಪ್ಪನವರೂ ಅದೇ ಆಚಾರದ ಮನೆಯವರು. ಅವರು ಹೊಸ್ತಿಲಲ್ಲೇ ನಿಂತರು. ವಿಜಯಕುಮಾರ್ ಅವರೇ ಮುಂದೆ ಬಂದು ತಂದೆಯ ತೋಳು ಹಿಡಿದು ಮಲಗಿಸಿದರು. ಇಬ್ಬರು ಪಂಚರ ಎದುರು ಶವ ಪಂಚನಾಮೆ ಮುಗಿದಾಗ ಗಂಟೆ 12.50.

ಮರಣೋತ್ತರ ಪರೀಕ್ಷೆ ಮಾಡಿದ ಸರ್ಕಾರಿ ಡಾಕ್ಟರು ಕೈ ತೊಳೆಯುತ್ತಲೇ ಹೇಳಿದರು. ಹಾಸಿಗೆ ಹುಣ್ಣು, ಅದರ ಕೀವು ರಕ್ತಕ್ಕೆ ಸೇರಿ ಸಾವು. "ನನ್ನ ಪ್ರಕಾರ ಮೂರು ವಾರಕ್ಕಿಂತ ಹಳೇದು. ಆದ್ರೆ ಕೋರ್ಟಲ್ಲಿ ಅವರ ಕಡೆ ಡಾಕ್ಟರು, ಮುದುಕರಿಗೆ ಎರಡೇ ದಿನದಲ್ಲಿ ಆಗುತ್ತೆ ಅಂತಾರೆ. ಯಾವಾಗ ಶುರುವಾಯ್ತು ಅನ್ನೋದಕ್ಕೆ ಬೇರೆ ಸಾಕ್ಷಿ ಹುಡುಕಿ."

"ಮೊದಲೇ ಆಸ್ಪತ್ರೆಗೆ ತಂದಿದ್ರೆ?"

"ಮೂರು ವಾರದ ಹಿಂದೆಯಾ? ಉಳಿಸ್ಕೋಬಹುದಿತ್ತು."

ಮಧ್ಯಾಹ್ನ 3.30ಕ್ಕೆ ಇನ್ಸ್‌ಪೆಕ್ಟರರೂ ಹೆಡ್ ಕಾನ್ಸ್‌ಟೇಬಲ್ ಮೌನೇಶನೂ ಸಂಜೆಗಂಪು ತಲುಪಿದರು. ಟ್ಯೂಷನ್ ಸೆಂಟರೊಂದರ ಪಕ್ಕದ ಮೂರು ಅಂತಸ್ತಿನ ಕಟ್ಟಡ. ಮಾಲೀಕ ಊರಲ್ಲಿರಲಿಲ್ಲ. ಎದುರು ಬಂದವರು ಮೇಟ್ರನ್ ಕಾತ್ಯಾಯಿನಿ. ಜಯನಗರದ ಹಳಬರು, ಐವತ್ತೆಂಟು ವರ್ಷ, ಇಸ್ತ್ರಿ ಮಾಡಿದ ಕಾಟನ್ ಸೀರೆ, ಅಳತೆ ಮೀರದ ಮಾತು. ಮೇಲಿನ ಮಹಡಿಯಲ್ಲಿ ಯಲ್ಲಮ್ಮ ಎಂಬ ಆಯಾ ಬಕೆಟ್ ಹಿಡಿದು ಓಡಾಡುತ್ತಿದ್ದಳು. ಕೆಲಸಕ್ಕೆ ಸೇರಿ ಹತ್ತು ದಿನವಾಗಿತ್ತಂತೆ.

"ಮೇಲೆ ಎಷ್ಟು ಜನ ಪೇಷೆಂಟು?"

"ಹದ್ನೆಂಟು," ಎಂದಳು ಯಲ್ಲಮ್ಮ.

"ನೋಡ್ಕೊಳೋರು?"

"ನಾನು ಇನ್ನೊಬ್ಳು. ಅವಳಿಗೆ ಇವತ್ತು ರಜ."

ಹಾಸಿಗೆ ಹಿಡಿದವರನ್ನು ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸಬೇಕು. ಇಲ್ಲದಿದ್ದರೆ ಒತ್ತಿದ ಕಡೆ ಚರ್ಮ ಕೊಳೆಯುತ್ತದೆ. ಅದಕ್ಕೊಂದು ಚಾರ್ಟ್ ಇರುತ್ತದೆ. ಪರಮಶಿವಯ್ಯನವರ ಚಾರ್ಟಿನಲ್ಲಿ ಒಂದೂ ಖಾಲಿ ಚೌಕವಿಲ್ಲ. ಎಡ, ಬೆನ್ನು, ಬಲ. ಎಡ, ಬೆನ್ನು, ಬಲ. ಮುದ್ದಾದ ಅಕ್ಷರ. ಮೌನೇಶ ಫೈಲು ತಿರುವುತ್ತಾ ಕೊನೆಯಲ್ಲಿದ್ದ ಆಸ್ಪತ್ರೆಯ ಚೀಟಿಯ ಮೇಲೆ ಬೆರಳಿಟ್ಟ. ಬಲ ಸೊಂಟದ ಮೂಳೆ ಮುರಿದು ಪ್ಲೇಟ್ ಹಾಕಿದ ಮೇಲೆ ಮುದುಕರನ್ನು ಇಲ್ಲಿಗೆ ತಂದದ್ದು ಮೇ 6ರಂದು. ಎರಡು ತಿಂಗಳು ಬಲಮಗ್ಗುಲಿಗೆ ಮಲಗಿಸಕೂಡದು ಎಂದು ಕೆಂಪು ಶಾಯಿಯಲ್ಲಿ ಬರೆದು ಕೆಳಗೆ ಗೆರೆ ಎಳೆದಿತ್ತು.

ಮೌನೇಶ ಎಣಿಸಿದ. ನಲವತ್ತೆರಡು ದಿನಕ್ಕೆ ನೂರ ಅರವತ್ತೆಂಟು ಸಲ ಬಲಕ್ಕೆ.

"ಇದು ನಿಮ್ಮ ಅಕ್ಷರನಾ ಮೇಡಂ?" ಮರುಳಸಿದ್ದಪ್ಪ ಕಾತ್ಯಾಯಿನಿಯವರನ್ನು ಕೇಳಿದರು.

"ಹೌದು."

"ಬಲಕ್ಕೆ ಹೊರಳಿಸಿದ್ರೆ ಡಾಕ್ಟರ್ ಮಾತು ಮೀರಿದ್ರಿ. ಹೊರಳಿಸದೆ ಬರೆದಿದ್ರೆ ಸುಳ್ಳು ಬರೆದ್ರಿ. ಯಾವುದು?"

ಕಾತ್ಯಾಯಿನಿ ಸೆರಗು ಸರಿಮಾಡಿಕೊಂಡರು. "ಬರೆದಿದ್ದಷ್ಟೇ ಸಾರ್. ಆದ್ರೆ ಹುಣ್ಣು ಶನಿವಾರದವರೆಗೂ ಇರ್ಲಿಲ್ಲ. ಆಮೇಲೆ ಎರಡು ದಿನದಲ್ಲಿ ಆಗಿದ್ದು." ಗೋಡೆಯ ಕಡೆ ನೋಡಿದರು. "ಇಲ್ಲಿ ಶುಶ್ರೂಷೆ ಹೇಗಿದೆ ಅಂತ ನೀವೇ ಬರ್ಕೊಟ್ಟಿದ್ದೀರಲ್ಲ."

ಕುಹಕವಿರಲಿಲ್ಲ ಆ ಮಾತಿನಲ್ಲಿ. ಇದ್ದಿದ್ದರೆ ಕೋಪವಾದರೂ ಬರುತ್ತಿತ್ತು. ಗೋಡೆಯ ಮೇಲೆ ಗಾಜು ಹಾಕಿಸಿದ ಚೌಕಟ್ಟಿನೊಳಗೆ ಠಾಣೆಯ ಮೊಹರು ಬಿದ್ದ ಹಾಳೆ: ಹಿರಿಯ ನಾಗರಿಕರ ಕೇಂದ್ರಗಳ ಭೇಟಿ ನಮೂನೆ, ಮೇ 29. ಸ್ವಚ್ಛತೆ, ಊಟ, ಔಷಧಿ, ಶುಶ್ರೂಷೆ ಎಂದು ಹತ್ತು ಪ್ರಶ್ನೆ. ಹತ್ತಕ್ಕೂ 'ಉತ್ತಮ'. ಹತ್ತು ಸಲ ಗುರುತು ಹಾಕುವ ಶ್ರಮವನ್ನೂ ಉಳಿಸಿ ಮೇಲಿನಿಂದ ಕೆಳಕ್ಕೆ ಒಂದೇ ಗೀಟು. ಕೆಳಗೆ ಮರುಳಸಿದ್ದಪ್ಪನವರ ಸಹಿ.

ಅದು ಕಾಟಾಚಾರದ ಭೇಟಿ. ತಿಂಗಳಿಗೆ ನಾಲ್ಕು ಕಡೆ ಹೋಗಿ ಬಂದು ವರದಿ ಕಳಿಸಬೇಕೆಂದು ಮೇಲಿನಿಂದ ಆದೇಶವಿತ್ತು. ಮಾಲೀಕನ ಕೋಣೆಯಲ್ಲಿ ಖಾರಾಬಾತ್ ಕೇಸರಿಬಾತ್ ತಿಂದು, ಕಾತ್ಯಾಯಿನಿ ಒತ್ತಾಯ ಮಾಡಿದರೆಂದು ಒಮ್ಮೆ ಮೇಲೆ ಹತ್ತಿ, ಮೊದಲ ಮಂಚದ ಮುದುಕರ ಕೈ ಹಿಡಿದು, ಹೇಗಿದ್ದೀರಿ ಯಜಮಾನ್ರೇ ಎಂದಿದ್ದರು. ಆ ಮುದುಕರೇ ಪರಮಶಿವಯ್ಯ. ಹಿಡಿದ ಕೈ ಬಿಡಲಿಲ್ಲ. ಬೆರಳು ನೋಯುವಷ್ಟು ಬಿಗಿಯಾಗಿ ಹಿಡಿದಿದ್ದರು. ಪ್ರೀತಿ ಎಂದುಕೊಂಡು ಮರುಳಸಿದ್ದಪ್ಪ ನಕ್ಕಿದ್ದರು, ಮೌನೇಶ ಫೋಟೋ ಹೊಡೆದಿದ್ದ. ಅದು ಠಾಣೆಯ ಜಾಲತಾಣದ ಪುಟ ಸೇರಿ ನೂರಾರು ಲೈಕು ಪಡೆದಿತ್ತು.

ವಾಪಸು ಬರುವಾಗ ಜೀಪಿನಲ್ಲಿ ಮೌನೇಶ ಮೆಲ್ಲಗೆ ಶುರುಮಾಡಿದ. "ಸಾರ್, ಆ ಫ್ರೇಮು ಮಹಜರಿಗೆ ಬೇಡ. ಚಾರ್ಟ್ ಒಂದೇ ಸಾಕು. ಬಡ್ತಿ ಪಟ್ಟೀಲಿ ನಿಮ್ ಹೆಸರಿದೆ. ಇಲಾಖಾ ವಿಚಾರಣೆ ಅಂತ ಬಿದ್ರೆ ಹೋಯ್ತು."

ಮರುಳಸಿದ್ದಪ್ಪ ಫೋನಿನಲ್ಲಿ ಆ ಫೋಟೋ ತೆರೆದು ನೋಡಿದರು. ತಾವು ನಗುತ್ತಿದ್ದಾರೆ. ಮುದುಕರು ನಗುತ್ತಿಲ್ಲ. ಮಂಚದ ಪಕ್ಕದ ಪುಟ್ಟ ಕಪಾಟಿನ ಮೇಲೆ ಹಿಡಿಯಷ್ಟು ಊದುಬತ್ತಿ ಒಟ್ಟಿಗೇ ಉರಿಯುತ್ತಿದೆ. ಅಲ್ಲಿ ದೇವರ ಪಟವಿಲ್ಲ. ಅವತ್ತು ಆ ಹೊಗೆಯ ಅಡಿಯಲ್ಲಿ ಇನ್ನೊಂದು ವಾಸನೆಯಿತ್ತು. ಅದು ಮೂಗಿಗೆ ಬಡಿದಿತ್ತು, ಬಡಿದದ್ದು ನೆನಪಿತ್ತು. ಇಪ್ಪತ್ತಾರು ವರ್ಷ ಶವ ಪಂಚನಾಮೆ ಮಾಡಿದ ಮನುಷ್ಯನಿಗೆ ಎಲ್ಲಿ ಯಾಕೆ ಕಟ್ಟುಗಟ್ಟಲೆ ಊದುಬತ್ತಿ ಹಚ್ಚುತ್ತಾರೆಂದು ಯಾರೂ ಹೇಳಿಕೊಡಬೇಕಿಲ್ಲ. ಗೊತ್ತಾಗಿಯೂ ಕೆಳಗಿಳಿದು ಬಂದು ಗೀಟು ಎಳೆದಿದ್ದರು. ಹುಣ್ಣು ಮೇ 29ಕ್ಕೇ ಕೊಳೆತಿತ್ತೆಂದು ಹೇಳಬಲ್ಲ ಸಾಕ್ಷಿಯನ್ನು ಡಾಕ್ಟರು ಹುಡುಕಿ ಎಂದಿದ್ದರು. ಆ ಸಾಕ್ಷಿ ಜೀಪಿನ ಮುಂದಿನ ಸೀಟಿನಲ್ಲೇ ಕೂತಿತ್ತು.

"ಗಾಡಿ ತಿರುಗಿಸು," ಎಂದರು. "ಫ್ರೇಮು ಸೀಜ್ ಮಾಡಬೇಕು."

ಸಾಕ್ಷಿಯಾದವನು ತನಿಖೆ ಮಾಡುವಂತಿಲ್ಲ. ಮರುದಿನ ಬೆಳಿಗ್ಗೆ ಅವರು ಎಸಿಪಿಗೆ ಲಿಖಿತ ವರದಿ ಕೊಟ್ಟರು. ಎಸಿಪಿ ಓದಿ, ಕನ್ನಡಕ ತೆಗೆದಿಟ್ಟು, "ಇಷ್ಟೆಲ್ಲಾ ಬರೀಬೇಕಿತ್ತೇನ್ರೀ?" ಎಂದರು. ಸಂಜೆಯೊಳಗೆ ಪ್ರಕರಣ ಪಕ್ಕದ ಠಾಣೆಯ ಇನ್ಸ್‌ಪೆಕ್ಟರ್ ಉಮಾಶ್ರೀ ಅವರಿಗೆ ಹೋಯಿತು. ಮರುಳಸಿದ್ದಪ್ಪನವರಿಗೆ ಕಾರಣ ಕೇಳಿ ನೋಟಿಸೂ ಬಂತು. ಗುರುವಾರ ಅವರು ಹೇಳಿಕೆ ಕೊಡಲು ಉಮಾಶ್ರೀ ಅವರ ಮೇಜಿನ ಎದುರಿನ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತರು. ಆ ಕುರ್ಚಿ ಅಷ್ಟು ತಗ್ಗಾಗಿರುತ್ತದೆಂದು ಈವರೆಗೆ ಗೊತ್ತಿರಲಿಲ್ಲ.

"ವಾಸನೆ ಬಂತು ಅಂತೀರಿ. ಏನು ಮಾಡಿದ್ರಿ ಸಾರ್?"

"ಕರ್ಚೀಫ್ ತಗೊಂಡೆ."

"ಆಮೇಲೆ?"

"ಕೆಳಗೆ ಬಂದು ಸೈನ್ ಮಾಡಿದೆ."

ವಯಸ್ಸಿನಲ್ಲಿ ಹನ್ನೆರಡು ವರ್ಷ ಚಿಕ್ಕವರಾದ ಉಮಾಶ್ರೀ ತಲೆಯೆತ್ತದೆ ಬರೆದುಕೊಂಡರು. ಆ ದಾಕ್ಷಿಣ್ಯ ಮರುಳಸಿದ್ದಪ್ಪನವರನ್ನು ಇನ್ನಷ್ಟು ಕುಗ್ಗಿಸಿತು.

ಜೂನ್ 20, ಶುಕ್ರವಾರ ಬೆಳಿಗ್ಗೆ 11 ಗಂಟೆಗೆ ಸ್ಥಳ ಮಹಜರು. ಮಾಲೀಕ ಅಷ್ಟರಲ್ಲಿ ಬೊಮ್ಮನಹಳ್ಳಿಯ ನೆಂಟರ ಮನೆಯಲ್ಲಿ ಸಿಕ್ಕಿದ್ದ. ಮೊದಲ ಆರೋಪಿ ಕಾತ್ಯಾಯಿನಿ, ಎರಡನೆಯವನು ಅವನು. ಮೇಲಿನ ಮಹಡಿಯಲ್ಲಿ ಪಂಚರು, ಮಹಿಳಾ ಕಾನ್ಸ್‌ಟೇಬಲ್, ಮಧ್ಯೆ ಕಾತ್ಯಾಯಿನಿ. ಉಮಾಶ್ರೀ ಫೋಟೋವನ್ನೂ ಮರುಳಸಿದ್ದಪ್ಪನವರ ಹೇಳಿಕೆಯನ್ನೂ ಅವರ ಮುಂದಿಟ್ಟರು. ಕಾತ್ಯಾಯಿನಿ ಫೋಟೋದಲ್ಲಿದ್ದ ಊದುಬತ್ತಿಯ ಮೇಲೆ ಬೆರಳಿಟ್ಟರು.

"ಮೇ ಇಪ್ಪತ್ತಕ್ಕೇ ಆಗಿತ್ತು ಮೇಡಂ," ಎಂದರು. "ಮೊದಲು ರೂಪಾಯಿಯಗಲ."

"ಆಸ್ಪತ್ರೆಗೆ ಯಾಕೆ ಕಳಿಸಲಿಲ್ಲ?"

"ಮೂವತ್ತು ವರ್ಷ ನರ್ಸಿಂಗ್ ಮಾಡಿದ್ದೀನಿ. ನನ್ ಕೈಯಲ್ಲಿ ಒಬ್ರಿಗೂ ಹಾಸಿಗೆ ಹುಣ್ಣು ಆಗಿರ್ಲಿಲ್ಲ. ನಾಚಿಕೆ ಆಯ್ತು. ನಾನೇ ವಾಸಿ ಮಾಡ್ತೀನಿ, ಯಾರಿಗೂ ಗೊತ್ತಾಗೋದು ಬೇಡ ಅಂತ ದಿನಾ ಎರಡ್ ಸಲ ಕದ್ದು ಡ್ರೆಸ್ಸಿಂಗ್ ಮಾಡ್ತಿದ್ದೆ."

"ಸುಳ್ಳು ಚಾರ್ಟ್?"

"ನಾಲ್ಕು ವರ್ಷದ ಹಿಂದೆ ಗುಣಮಟ್ಟ ಪರಿಶೀಲನೆಗೆ ಅಂತ ಬಂದಿದ್ರು. ಹೊರಳಿಸೋಕೆ ಆಳಿಲ್ಲ ಅಂತ ಇದ್ದದ್ದನ್ನೇ ಬರೆದಿದ್ದೆ. ಎಲ್ಲರ ಮುಂದೆ ಅದನ್ನ ಓದಿ ನಕ್ಕರು. ಮಾಲೀಕರು ಆಳು ಕೊಡ್ಲಿಲ್ಲ, ಹೊಸ ಚಾರ್ಟ್ ಪ್ರಿಂಟ್ ಮಾಡಿಸಿ ಕೊಟ್ರು."

ಉಮಾಶ್ರೀ ಮರುಳಸಿದ್ದಪ್ಪನವರ ಕಡೆ ತಿರುಗಿದರು. "ನೀವೆಲ್ಲಿ ನಿಂತಿದ್ರಿ ಸಾರ್, ತೋರ್ಸಿ."

ಅವರು ಹೋಗಿ ಖಾಲಿ ಮಂಚದ ಎಡಕ್ಕೆ ನಿಂತರು. ಪಂಚರು ನೋಡುತ್ತಿದ್ದರು. ಪಕ್ಕದ ಮಂಚದ ಅಜ್ಜಿಯೂ ನೋಡುತ್ತಿದ್ದರು.

"ಹೊದಿಕೆ ಎಲ್ಲಿವರೆಗಿತ್ತು?"

ಅವರು ಎದೆಯ ಮೇಲೆ ಕೈಯಿಟ್ಟು ತೋರಿಸಿದರು.

"ಎತ್ತಿ ನೋಡಿದ್ರಾ?"

"ಇಲ್ಲ."

ಆಗ ಯಾರೂ ಕೇಳದೆ ಕಾತ್ಯಾಯಿನಿ ಮಾತಾಡಿದರು. "ಅವತ್ತು ಇವರನ್ನ ಮೇಲೆ ಕರ್ಕೊಂಡು ಬಂದಿದ್ದೇ ನಾನು ಮೇಡಂ. ತಿಂಡಿ ಕೊಟ್ಟು ಕೆಳಗಿಂದಾನೇ ಕಳಿಸು ಅಂತ ಮಾಲೀಕರು ಹೇಳಿದ್ರು. ಪೊಲೀಸ್‌ನೋರಲ್ವಾ, ವಾಸನೆ ಹಿಡಿದು ಹೊದಿಕೆ ಎತ್ತೇ ಎತ್ತುತ್ತಾರೆ ಅಂದ್ಕೊಂಡೆ. ಎತ್ತಿದ್ರೆ ಅಲ್ಲೇ ಎಲ್ಲಾ ಹೇಳಿಬಿಡ್ತಿದ್ದೆ. ನಾನಾಗೇ ಹೇಳೋಕೆ ಬಾಯಿ ಬರ್ತಿರ್ಲಿಲ್ಲ."

ಮರುಳಸಿದ್ದಪ್ಪ ನಿಂತ ಜಾಗದಿಂದ ಕದಲಲಿಲ್ಲ. ಕಾತ್ಯಾಯಿನಿಯವರ ಬಂಧನದ ಸಮಯ 12 ಗಂಟೆ 20 ನಿಮಿಷ ಎಂದು ಉಮಾಶ್ರೀ ನಮೂದಿಸಿದರು. ಬಳಿಕ ಪೆನ್ನು ಹಾಳೆಯ ಮೇಲೆಯೇ ನಿಂತಿತು.

"ಈಗ ಅವರು ಕೊನೇಲಿ ಹೇಳಿದ್ದು," ಎಂದರು ದನಿ ತಗ್ಗಿಸಿ. "ಕೇಸಿಗೆ ಅದು ಬೇಕೇಬೇಕು ಅಂತೇನಿಲ್ಲ ಸಾರ್. ಬರ್ಕೊಳ್ಲಾ, ಬಿಡ್ಲಾ?"

"ಬರ್ಕೊಳಿ ಮೇಡಂ," ಎಂದರು ಮರುಳಸಿದ್ದಪ್ಪ.