ಐದನೆಯ ಸೂಜಿ

"ಐದು ಮಂದಿ ಆಗೂತನಕ ಬಾಟ್ಲಿ ಸೀಲ್ ಒಡಿಯಾಂಗಿಲ್ರಿ."

ಹುಬ್ಬಳ್ಳಿಯ ಆ ಲಸಿಕಾ ಕೋಣೆಯಲ್ಲಿ ನರ್ಸ್ ಪೂನಮ್ ಒಂಬತ್ತು ವರ್ಷಗಳಿಂದ ಹೇಳಿಕೊಂಡು ಬಂದ ಮಾತು ಇದು. ಕೇಳಿದವರು ಗೊಣಗುತ್ತಾ ಎದ್ದು ಹೋಗುವುದು ವಾಡಿಕೆ. ಆದರೆ ಆ ಮಂಗಳವಾರ ಎದುರಿಗಿದ್ದ ಮನುಷ್ಯ ಹೋಗಲಿಲ್ಲ. ಕುರ್ಚಿ ಎಳೆದುಕೊಂಡು ಕೂತೇಬಿಟ್ಟ.

"ಐದು ಮಂದೀದೂ ರೊಕ್ಕ ನಾನ ಕೊಡ್ತೇನ್ರಿ. ಹಾಕಿಬಿಡ್ರಿ."

"ಉಳಿದ ನಾಲ್ಕು ಮಂದಿ ಲಸಿಕಿ ಸಂಜಿಗೆ ಚೆಲ್ಲಬೇಕಾಗ್ತದ. ಒಮ್ಮೆ ಸೀಲ್ ಒಡದ್ರ ನಾಳಿಗೆ ಇಡಾಕ ಬರಾಂಗಿಲ್ಲ." ಅವಳು ಅವನ ಅರ್ಜಿಯ ಮೇಲೆ ಕಣ್ಣಾಡಿಸಿದಳು. "ಕಾಲೇಜಿನ್ಯಾಗ ಪ್ರಾಣಿಶಾಸ್ತ್ರ ಕಲಸ್ತೀರಿ ಅಂತ ಬರದೀರಿ. ಇದನ್ನ ನಿಮಗ ನಾ ಕಲಸಬೇಕೇನ್ರಿ?"

ಅವನ ಕಿವಿ ಕೆಂಪಾಯಿತು. ಸ್ವಲ್ಪ ಜಾಸ್ತಿಯೇ ಆಯಿತೇನೋ ಎಂದು ಪೂನಮ್‌ಗೂ ಅನ್ನಿಸಿತು. ಆದರೂ ಮುಖದ ಬಿಗಿ ಸಡಿಲಿಸಲಿಲ್ಲ.

ಅವನು ಉದಯಕುಮಾರ. ಸತ್ತೂರಿನಿಂದ ಚಿಗರಿ ಬಸ್ ಹಿಡಿದು ಬಂದಿದ್ದ. ಪಶ್ಚಿಮ ಆಫ್ರಿಕಾದ ಸೆನೆಗಲ್‌ನಲ್ಲಿ ಸಾಲೂಮ್ ಎಂಬ ನದಿ ಸಮುದ್ರ ಸೇರುವಲ್ಲಿ ನೂರಾರು ಕವಲಾಗಿ ಹರಡಿಕೊಳ್ಳುತ್ತದೆ. ಜನವರಿಯಲ್ಲಿ ಅಲ್ಲಿಯ ನೀರುಹಕ್ಕಿಗಳನ್ನು ಎಣಿಸುವ ತಂಡದಲ್ಲಿ ಅವನಿಗೊಂದು ಜಾಗ ಸಿಕ್ಕಿತ್ತು. ಆರು ವರ್ಷ ಅರ್ಜಿ ಹಾಕಿ ಹಾಕಿ ಸಿಕ್ಕ ಜಾಗ. ಹಳದಿ ಜ್ವರದ ಲಸಿಕೆ ಹಾಕಿಸಿದ ಹಳದಿ ಕಾರ್ಡ್ ಇಲ್ಲದೆ ಅಲ್ಲಿಗೆ ಹೋಗಿ ಬರುವ ಹಾಗಿರಲಿಲ್ಲ. ಕಾರ್ಡಿಗೆ ಬೆಲೆ ಬರುವುದೂ ಸೂಜಿ ಚುಚ್ಚಿಸಿ ಹತ್ತು ದಿನವಾದ ಮೇಲೆಯೇ. ಆ ಕೋಣೆಯಲ್ಲಿ ಲಸಿಕೆ ಹಾಕುತ್ತಿದ್ದದ್ದು ಮಂಗಳವಾರ ಮಾತ್ರ; ಅವನ ಕೈಯಲ್ಲಿದ್ದದ್ದು ಇನ್ನು ಎರಡೇ ಮಂಗಳವಾರ.

"ಐದು ಮಂದಿ ಬೇಕು. ಹೌದಿಲ್ರಿ?"

"ಹೌದ್ರಿ."

"ತರ್ತೇನಿ, ತಡೀರಿ."

ಹೋದವನ ಬೆನ್ನು ನೋಡುತ್ತಾ ಪೂನಮ್ ಮನಸ್ಸಿನಲ್ಲೇ ಅಂದುಕೊಂಡಳು... 'ಐದು ಮಂದಿ ಏನು ಸಂತ್ಯಾಗ ಸಿಗ್ತಾರೇನು?'

ಮುಂದಿನ ಮಂಗಳವಾರ ಬಾಗಿಲು ತೆರೆಯುವ ಮೊದಲೇ ಅವನು ಹೊರಗೆ ನಿಂತಿದ್ದ. ಜೊತೆಗೆ ಇಬ್ಬರು. ಕೇಶ್ವಾಪುರದ ಟ್ರಾವೆಲ್ಸ್ ಅಂಗಡಿಗಳನ್ನೆಲ್ಲ ಸುತ್ತಿ, ಆಫ್ರಿಕಾಕ್ಕೆ ಹೋಗುವವರು ಯಾರಾದರೂ ಇದ್ದಾರೆಯೇ ಎಂದು ಕೇಳಿ ಹುಡುಕಿ ತಂದಿದ್ದ. ಒಬ್ಬರು ಘಾನಾದಲ್ಲಿ ಬೋರ್‌ವೆಲ್ ಕೊರೆಯಲು ಹೊರಟ ಗುಲಾಬಸಾಬ. ಇನ್ನೊಬ್ಬರು ಮಗಳ ಬಾಣಂತನಕ್ಕೆ ನೈಜೀರಿಯಾಕ್ಕೆ ಹೊರಟ ಚನ್ನಬಸವ್ವ.

"ಮೂರ ಆತಲ್ರಿ," ಎಂದಳು ಪೂನಮ್. ನಗು ತಡೆಯಲು ರಿಜಿಸ್ಟರಿನ ಹಾಳೆ ತಿರುವಿದಳು.

"ಮಧ್ಯಾಹ್ನದತನಕ ಕಾಯ್ತೇವ್ರಿ. ಯಾರರ ಬರಬಹುದು."

ಯಾರೂ ಬರಲಿಲ್ಲ. ಚನ್ನಬಸವ್ವ ಗೋಡೆಗೆ ಒರಗಿ ತೂಕಡಿಸಿದರು, ಗುಲಾಬಸಾಬ ಚಹಾಕ್ಕೆ ಹೋದ. ಉದಯಕುಮಾರ ಮೊಬೈಲಿನಲ್ಲಿ ಚಿತ್ರ ತೋರಿಸುತ್ತಾ ಹೇಳುತ್ತಾ ಹೋದ. ಉಪ್ಪುನೀರಿನಲ್ಲೇ ಬೇರುಬಿಟ್ಟ ಕಾಂಡ್ಲಾ ಗಿಡಗಳು, ನೀರಿಳಿದಾಗ ಕೆಸರಿನಲ್ಲಿ ಏಡಿ ಹುಡುಕುವ ಮಂಗಗಳು. ಸಾವಿರಾರು ವರ್ಷ ಜನ ತಿಂದೆಸೆದ ಕಪ್ಪೆಚಿಪ್ಪುಗಳೇ ಗುಡ್ಡವಾಗಿ ಎದ್ದ ದ್ವೀಪಗಳು. ಅವುಗಳ ಮೇಲೆ ಬೆಳೆದ ಡೊಳ್ಳುಹೊಟ್ಟೆಯ ಮರಗಳು.

ಪೂನಮ್ ಕೆಲಸ ಬಿಟ್ಟು ಬಗ್ಗಿ ನೋಡಿದಳು.

"ಇದು ನಮ್ಮ ಸವಣೂರಿನ ದೊಡ್ಡ ಹುಣಸಿ ಮರ ಅಲ್ರಿ?"

"ಅದ ರೀ! ಹೆಸರಷ್ಟ ಹುಣಸಿ, ಜಾತಿ ಬ್ಯಾರೆ. ಈ ಮರದ ತವರಮನಿ ಆಫ್ರಿಕಾ. ನಿಮಗ ಹೆಂಗ ಗೊತ್ತು?"

"ಸವಣೂರು ನಮ್ಮ ಅಜ್ಜಿ ಊರು. ಸಣ್ಣಾಕಿ ಇದ್ದಾಗ ಆ ಮರ ತಬ್ಬಾಕ ನೋಡ್ತಿದ್ವಿ. ಐದು ಮಂದಿ ಕೈ ಹಿಡಕೊಂಡು ನಿಂತ್ರೂ ಸಾಲ್ತಿರಲಿಲ್ಲ." ಆಮೇಲೆ ತನಗೆ ತಾನೇ ಎಂಬಂತೆ ಸೇರಿಸಿದಳು, "ತವರಮನ್ಯಾಗ ಇನ್ನೆಷ್ಟು ದಪ್ಪ ಇರ್ತಾವೋ ಏನೋ."

ಅವನು ಮೊಬೈಲ್ ಕೆಳಗಿಟ್ಟ. ಅವಳನ್ನು ನೋಡಿದ.

"ಅಲ್ಲಿಂದ ನಿಮಗ ಹಕ್ಕಿ ದನಿ ಕಳಸ್ತೇನ್ರಿ. ನಂಬರ್ ಕೊಡ್ರಿ."

ಅವಳು ಕೊಟ್ಟಳು. ಒಂಬತ್ತು ವರ್ಷದಲ್ಲಿ ಯಾರಿಗೂ ಕೊಟ್ಟಿರಲಿಲ್ಲ.

ಮೂರನೆಯ ಮಂಗಳವಾರ ಕೊನೆಯ ಅವಕಾಶ. ಹನ್ನೊಂದನೇ ದಿನಕ್ಕೆ ಅವನ ವಿಮಾನ. ಅಂದು ಅವನೂ ಸೇರಿ ನಾಲ್ವರು ಕೂತಿದ್ದರು. ಐದನೆಯವನಾಗಿ ಬರಬೇಕಿದ್ದ ವ್ಯಾಪಾರಿಯೊಬ್ಬ ಹನ್ನೊಂದು ಗಂಟೆಗೆ ಫೋನ್ ಮಾಡಿ, ವೀಸಾ ಸಿಗಲಿಲ್ಲ, ಬರುವುದಿಲ್ಲ ಎಂದುಬಿಟ್ಟ.

ಉದಯಕುಮಾರ ಜಗಳವಾಡಿದ್ದರೆ ಪೂನಮ್ ಎಂದಿನಂತೆ ಗದರಿಬಿಡುತ್ತಿದ್ದಳು. ಅವನು ಸುಮ್ಮನೆ ಚೀಲದ ಜಿಪ್ ಎಳೆದು, ದುರ್ಬೀನು ಒಳಗಿಟ್ಟ. ಅದನ್ನು ಯಾಕೆ ತಂದಿದ್ದನೋ, ಅವಳಿಗೆ ತೋರಿಸಲೆಂದೇ ಇರಬೇಕು. ಅದನ್ನು ನೋಡಿ ಅವಳಿಗೆ ತಡೆಯಲಾಗಲಿಲ್ಲ.

"ಅರ್ಧಾ ತಾಸು ಕೂಡ್ರಿ ಎಲ್ಲಾರೂ. ಬಂದೆ."

ಆಟೋ ಹಿಡಿದು ಕೇಶ್ವಾಪುರದ ಮನೆಗೆ ಓಡಿದಳು. ಕಪಾಟಿನಲ್ಲಿ ಅವಳದೊಂದು ಪಾಸ್‌ಪೋರ್ಟ್ ಇತ್ತು. ಕುವೈತಿನ ಆಸ್ಪತ್ರೆಯೊಂದರ ಕೆಲಸಕ್ಕೆಂದು ಆರು ವರ್ಷದ ಹಿಂದೆ ಮಾಡಿಸಿದ್ದು. ಆ ಕೆಲಸ ಕೈಗೂಡಲಿಲ್ಲ, ಪಾಸ್‌ಪೋರ್ಟಿನ ಒಂದು ಪುಟದ ಮೇಲೂ ಠಸ್ಸೆ ಬೀಳಲಿಲ್ಲ. ಅದನ್ನೆತ್ತಿಕೊಂಡು ತಾಯಿ ಸತ್ಯವ್ವ ಕೇಳಿದ್ದಕ್ಕೂ ನಿಲ್ಲದೆ ಮತ್ತೆ ಆಟೋ ಹತ್ತಿದಳು.

ಡಾಕ್ಟರ್ ಮೇಡಂ ಅವಳನ್ನು ಮೇಲಿಂದ ಕೆಳಗೆ ನೋಡಿದರು. "ನೀ ಎಲ್ಲಿಗ ಹೊಂಟೀಯವಾ?"

"ಹೋಗೂದು ಆಮ್ಯಾಲ ನೋಡೂಣ್ರಿ ಮೇಡಂ. ನಾ ಐದನೇಯಾಕಿ ಆದ್ರ ಬಾಟ್ಲಿ ಒಡೀಬಹುದಲ್ರಿ?"

ಮೇಡಂ ನಕ್ಕು ಸಹಿ ಹಾಕಿದರು. ರಿಜಿಸ್ಟರಿನಲ್ಲಿ ಐದನೆಯ ಸಾಲು ತುಂಬುವಾಗ 'ಹೋಗುವ ದೇಶ' ಎಂಬ ಕಡೆ ಪೂನಮ್‌ಳ ಪೆನ್ನು ಕ್ಷಣ ನಿಂತಿತು. ಆಮೇಲೆ ಬರೆಯಿತು.

ಎಡಗೈ ರಟ್ಟೆಗೆ ಹತ್ತಿ ಒತ್ತಿಕೊಂಡೇ ಅವಳು ಉದಯಕುಮಾರನ ಕಾರ್ಡಿಗೆ ಠಸ್ಸೆ ಹಾಕುತ್ತಿದ್ದಳು. ಅವನ ಕಣ್ಣು ಆ ಹತ್ತಿಯ ಮೇಲೆ ಬಿತ್ತು.

"ನೀವೂ...?"

ಅವಳು ಬಾಯಿ ತೆರೆಯುವಷ್ಟರಲ್ಲಿ ಗುಮಾಸ್ತ ಮಹಾಂತಯ್ಯ ಒಳಗೆ ಬಂದ. ಯಾವ ಸುದ್ದಿಯೂ ಅವನ ಹೊಟ್ಟೆಯಲ್ಲಿ ನಿಲ್ಲುವುದಿಲ್ಲ.

"ಸಿಸ್ಟರ್, ಪೇಢಾ ಯಾವಾಗ್ರಿ? ನಿಮ್ಮ ಅವ್ವಾರ ಫೋನ್ ಬಂದಿತ್ತು. ನೀವು ಪಾಸ್‌ಪೋರ್ಟ್ ಒಯ್ದೀರಂತ. ಕುವೈತಿನ ವರಕ್ಕ ಹೂಂ ಅಂದಂಗ ಆತಂತ ಭಾಳ ಖುಷಿಯಾಗ್ಯಾರ."

ಕುವೈತಿನಲ್ಲಿ ಕೆಲಸಕ್ಕಿರುವ ಹುಡುಗನ ಸಂಬಂಧವೊಂದು ತಿಂಗಳಿನಿಂದ ಮನೆಯಲ್ಲಿ ಕೂತಿತ್ತು. ಪೂನಮ್ ಉತ್ತರ ಕೊಡದೆ ದಿನ ತಳ್ಳುತ್ತಿದ್ದಳು. ಸತ್ಯವ್ವ ಪಾಸ್‌ಪೋರ್ಟ್ ನೋಡಿ ತಾವೇ ಉತ್ತರ ಬರೆದುಕೊಂಡಿದ್ದರು.

ಅಲ್ಲ ಅನ್ನಬೇಕು. ಆದರೆ ಹಾಗಂದರೆ ಪಾಸ್‌ಪೋರ್ಟ್ ಯಾಕೆ ತಂದೆ ಎಂದು ಹೇಳಬೇಕು... ಇಷ್ಟು ಜನರ ಎದುರು, ಅವನ ಎದುರು! ಪೂನಮ್ ತಲೆ ತಗ್ಗಿಸಿ ಮುಂದಿನ ಕಾರ್ಡಿಗೆ ಠಸ್ಸೆ ಒತ್ತಿದಳು.

"ಛಲೋ ಆತ್ರಿ," ಎಂದ ಉದಯಕುಮಾರ. ಸೂಜಿ ಚುಚ್ಚಿಸಿಕೊಂಡ ಮೇಲೆ ಕೂರಬೇಕಾದ ಅರ್ಧ ತಾಸು ಗೋಡೆ ನೋಡುತ್ತಾ ಕೂತ. ಹೋಗುವಾಗ ಕೈ ಮುಗಿದ. "ಉಪಕಾರ ಆತ್ರಿ ಸಿಸ್ಟರ್."

ಅವನು ಅವಳನ್ನು ಸಿಸ್ಟರ್ ಎಂದದ್ದು ಅಂದೇ ಮೊದಲು.

ಅಂದು ಸಂಜೆ ಅವಳು ತಾಯಿಗೆ ನೇರವಾಗಿ ಹೇಳಿದಳು. "ಕುವೈತಿನವರಿಗೆ ಆಗೂದಿಲ್ಲಂತ ಹೇಳಿಬಿಡು ಅವ್ವಾ."

"ಮತ್ತ ಪಾಸ್‌ಪೋರ್ಟ್ ಯಾಕ ಒಯ್ದಿ?"

"ಸೂಜಿ ತಗೊಳ್ಳಾಕ."

"ಎಲ್ಲಿಗ ಹೊಂಟಿ?"

"ಎಲ್ಲಿಗೂ ಇಲ್ಲ."

ಸತ್ಯವ್ವ ಮಗಳ ರಟ್ಟೆಯನ್ನೂ ಮುಖವನ್ನೂ ನೋಡಿದರು. "ಎಲ್ಲಿಗೂ ಹೋಗದಾಕಿ ಸೂಜಿ ಚುಚ್ಚಿಸಿಕೊಂಡು ಬಂದೀ," ಎಂದು ನಿಟ್ಟುಸಿರಿಟ್ಟು ರೊಟ್ಟಿ ಬಡಿಯಲು ಕೂತರು. ತಾಯಿಗೆ ಅರ್ಧ ಅರ್ಥವಾಗಿತ್ತು.

ಜನವರಿ ಬಂತು. ಅವನು ಹೋದ. ಹಕ್ಕಿಯ ದನಿ ಬರಲಿಲ್ಲ.

ಊಟದ ಹೊತ್ತಿನಲ್ಲಿ ಪೂನಮ್ ಮೊಬೈಲ್ ತೆಗೆಯುವಳು, ಮತ್ತೆ ಒಳಗಿಡುವಳು. 'ಸೂಜಿ ಆದ ಮ್ಯಾಲ ನರ್ಸನ್ನ ಯಾರು ನೆನಸ್ತಾರ?' ತಾನೇ ಒಂದು ಸಾಲು ಬರೆಯಬಹುದಿತ್ತು. ಬರೆದು ಅಳಿಸಿದ್ದು ಎಷ್ಟು ಸಲವೋ. ನಿಜ ಹೇಳಬೇಕೆಂದರೆ, ಹೆದರಿಕೆ ಒಂದೇ. ಅವನ ಮನಸ್ಸಿನಲ್ಲಿ ಏನೂ ಇಲ್ಲದಿದ್ದರೆ?

ಮೂರನೆಯ ವಾರ, ಡಬ್ಬಿ ಬಿಚ್ಚಿ ಎರಡು ತುತ್ತು ತಿಂದಿದ್ದಳು. ಮೊಬೈಲ್ ಮಿಣುಕಿತು.

"ಕುವೈತಿಗೆ ಹೋಗಾಕ ಹಳದಿ ಜ್ವರದ ಸೂಜಿ ಬೇಕೇನ್ರಿ?"

ಕುಶಲ ಇಲ್ಲ, ನಮಸ್ಕಾರ ಇಲ್ಲ. ಇದೊಂದೇ ಪ್ರಶ್ನೆ. ಪೂನಮ್ ಡಬ್ಬಿ ಪಕ್ಕಕ್ಕೆ ಸರಿಸಿದಳು.

"ಬೇಕಾಗೂದಿಲ್ಲ," ಎಂದು ಬರೆದಳು.

"ಇವತ್ತ ದೋಣ್ಯಾಗ ಸೊಳ್ಳಿ ಹೊಡಕೋತ ಕೂತಾಗ ಹೊಳೀತು. ಮತ್ತ ನೀವು ಯಾಕ ತಗೊಂಡ್ರಿ?"

ಅವಳು ಬರೆದಳು, ಅಳಿಸಿದಳು, ಮತ್ತೆ ಬರೆದಳು. ಈ ಸಲ ಅಳಿಸಲಿಲ್ಲ.

"ಐದನೇಯವರು ಬರಲಿಲ್ಲಲ್ರಿ."

ಡಬ್ಬಿಯ ಅನ್ನ ಆರಿತು. ಆಮೇಲೆ ಬಂದದ್ದು ಒಂದು ಧ್ವನಿ ಸಂದೇಶ. ಮೊದಲು ಹುಟ್ಟು ನೀರಿಗೆ ಬೀಳುವ ಸದ್ದು. ಆಮೇಲೆ ಮರಳದಿಬ್ಬದಿಂದ ಒಮ್ಮೆಗೇ ಎದ್ದ ಸಾವಿರಾರು ರೆಕ್ಕೆಗಳ ಗದ್ದಲ, ಕೂಗು, ಕಿರುಚು. ಅದರೊಳಗಿನಿಂದ ಅವನ ದನಿ.

"ಪೂನಮ್ ಅವರ, ಇವತ್ತ ನನ್ನ ಎಣಿಕಿ ತಪ್ಪಿತು. ಹೆಜ್ಜಾರ್ಲಿ ಎಷ್ಟು, ರಾಜಹಂಸ ಎಷ್ಟು, ಒಂದೂ ನೆನಪಿಲ್ಲ. ತಂಡದವರು ಬೈದ್ರು. ನಾ ನಗಾಕತ್ತಿದ್ದೆ."

ಮಹಾಂತಯ್ಯ ಬಾಗಿಲಲ್ಲಿ ತಲೆ ಹಾಕಿ, "ಏನು ಸಿಸ್ಟರ್, ಅಳಾಕತ್ತೀರಿ?" ಎಂದ.

"ಚಟ್ನಿಪುಡಿ ಖಾರ ಐತ್ರಿ," ಎಂದಳು ಪೂನಮ್.

ಫೆಬ್ರುವರಿಯ ಒಂದು ಮಂಗಳವಾರ ಬಾಗಿಲು ತೆರೆಯುವ ಮೊದಲೇ ಅವನು ಹೊರಗೆ ನಿಂತಿದ್ದ. ಬಿಸಿಲಿಗೆ ಕಪ್ಪಾಗಿದ್ದ, ಮೂಗಿನ ತುದಿ ಸುಲಿದಿತ್ತು. ಪೂನಮ್ ರಿಜಿಸ್ಟರ್ ಬಿಡಿಸಿ, ಗತ್ತಿನಿಂದ ಕೇಳಿದಳು.

"ಯಾವ ದೇಶಕ್ಕ್ರಿ?"

"ಡಿಸೆಂಬರಿನ ಹಾಳಿ ತಗೀರಿ. ಐದನೇ ಸಾಲು ನೋಡಬೇಕು."

ಅವಳು ಕೈ ಅಡ್ಡ ಇಟ್ಟಳು. "ಹೊರಗಿನವರಿಗೆ ತೋರಸಾಂಗಿಲ್ರಿ."

"ನೀವ ಓದ್ರಿ ಹಂಗಾದ್ರ. ಹೋಗೂ ದೇಶ ಅನ್ನೂ ಕಡೆ ಏನು ಬರದೀರಿ?"

ಪೂನಮ್ ಹಾಳೆ ತಿರುವಿ ಆ ಸಾಲಿನ ಮೇಲೆ ಬೆರಳಿಟ್ಟಳು.

"ಸೆನೆಗಲ್," ಎಂದಳು. ಆಮೇಲೆ ಬೇಗ ಬೇಗ, "ಖಾಲಿ ಬಿಡಾಕ ಬರಾಂಗಿಲ್ಲಲ್ರಿ ಅದನ್ನ."

ಅವನು ನಗಲಿಲ್ಲ. "ಆ ಕಾರ್ಡು ಎಷ್ಟು ವರ್ಷ ನಡೀತದ್ರಿ?"

"ಜೀವನಪೂರ್ತಿ."

"ಹಂಗಾದ್ರ ಅವಸರ ಇಲ್ಲ. ವಿಚಾರ ಮಾಡಿ ಹೇಳ್ರಿ. ನನ್ನ ಕೂಡ ಬರ್ತೀರೇನು? ಅಲ್ಲಿಗೂ... ಮನಿಗೂ." ಅವನು ಕುರ್ಚಿ ಎಳೆದುಕೊಂಡು ಕೂತ. "ಕುವೈತ್ ಅಂತ ಕೇಳಿದ ದಿನದಿಂದ ನನಗ ಒಂದು ಹಕ್ಕೀನೂ ನೆಟ್ಟಗ ಕಾಣಲಿಲ್ರಿ. ನಾ ಕೇಳಬೇಕಾಗಿತ್ತು. ಕೇಳದ ಹೋದೆ."

"ನಾನೂ ಹೇಳಬೇಕಾಗಿತ್ತು," ಎಂದಳು ಪೂನಮ್. "ಮಂಗಳವಾರ ನನಗ ಡ್ಯೂಟಿ ಇರ್ತದ. ನಾಳಿ ಸಂಜಿಗೆ ಮನಿಗೆ ಬರ್ರಿ. ನಮ್ಮ ಅವ್ವ ಅರ್ಧಾ ತಿಳಕೊಂಡಾಳ. ಉಳಿದರ್ಧಾ ನೀವು ಹೇಳ್ರಿ."

ಮರುವರ್ಷದ ಜನವರಿ. ಸಾಲೂಮಿನ ಕವಲುಗಳಲ್ಲಿ ಹಾದು ಬಂದ ದೋಣಿ, ಕಪ್ಪೆಚಿಪ್ಪಿನ ದ್ವೀಪಕ್ಕೆ ತಾಗಿ ನಿಂತಿತು. ಪೂನಮ್‌ಳ ಪಾಸ್‌ಪೋರ್ಟಿನಲ್ಲಿ ಮೊದಲ ಠಸ್ಸೆ ಬಿದ್ದು ಎರಡು ದಿನವಾಗಿತ್ತು. ಮದುವೆಯಾಗಿ ಹತ್ತು ತಿಂಗಳು.

ಕಾಲಡಿ ಚಿಪ್ಪುಗಳು ಚರಚರ ಅಂದವು. ದಿಬ್ಬದ ಮೇಲೆ ಆ ಮರ. ಅವಳ ಅಜ್ಜಿಯ ಊರಿನ ಮರ, ತನ್ನ ತವರುಮನೆಯಲ್ಲಿ. ನೆತ್ತಿಯ ಮೇಲಿಂದ ಹೆಜ್ಜಾರ್ಲೆಗಳ ಸಾಲು ಸಮುದ್ರದ ಕಡೆ ಹೋಯಿತು. ಅವಳು ಚಪ್ಪಲಿ ಬಿಟ್ಟು ಓಡಿಹೋಗಿ, ಎರಡೂ ಕೈ ಅಗಲಿಸಿ, ಬಿಸಿಲಿಗೆ ಬೆಚ್ಚಗಾಗಿದ್ದ ತೊಗಟೆಗೆ ಕೆನ್ನೆ ಇಟ್ಟಳು.

ಉದಯಕುಮಾರ ಆ ಬದಿಗೆ ಹೋಗಿ ಅವನೂ ತಬ್ಬಿದ. ಒಬ್ಬರಿಗೊಬ್ಬರು ಕಾಣುತ್ತಿರಲಿಲ್ಲ.

"ಕೈ ಸಿಗವಲ್ದು ರೀ," ಎಂದಳು.

"ಈ ಕಡೆ ಸರಿ. ಇನ್ನೊಂದೀಟು..."

ಬೆರಳುಗಳು ಒಂದು ಬದಿಯಲ್ಲಿ ಸಿಕ್ಕವು. ಅವನು ಗಟ್ಟಿಯಾಗಿ ಹಿಡಿದುಕೊಂಡ. ಇನ್ನೊಂದು ಬದಿಯಲ್ಲಿ ಇಬ್ಬರ ಕೈಗಳೂ ಮರದ ಮೇಲೆಯೇ ಉಳಿದವು. ನಡುವೆ ಮಾರುಗಟ್ಟಲೆ ಜಾಗ.

"ಇನ್ನೂ ಮೂರು ಮಂದಿ ಬೇಕು," ಎಂದ ಮರದ ಆಚೆಯಿಂದ. "ಐದು ಆಗೂತನಕ ಕಾಯೂಣೇನು ಸಿಸ್ಟರ್?"

ಪೂನಮ್ ನಕ್ಕಳು. ಹಿಡಿದ ಕೈಯನ್ನು ಇನ್ನಷ್ಟು ಹತ್ತಿರ ಎಳೆದುಕೊಂಡಳು.

"ಬ್ಯಾಡ. ಇದಕ್ಕ ಇಬ್ಬರ ಸಾಕು."