ಐದನೇ ತಂತಿಯ ತಕರಾರು

ಹಲ್ಲಿನ ಡಾಕ್ಟರು ಮೊದಲ ಸಲ ನಮ್ಮ ಗಿಟಾರ್ ಮಾಡುವ ವರ್ಕ್‌ಶಾಪಿಗೆ ಬಂದಾಗ, ತಮ್ಮ ಬೇಸ್ ಗಿಟಾರಿಗೆ ನಾಲ್ಕು ತಂತಿ ಸಾಕು ಅಂದರು. ಮುಂದಿನ ವಾರ ಬಂದು ಐದು ಅಂದರು. ಅದರ ಮುಂದಿನ ವಾರ ಆರು. ಹಲ್ಲು ಕೀಳುವಾಗಲೂ ಹೀಗೇ ಮನಸ್ಸು ಬದಲಾಯಿಸುತ್ತೀರಾ ಅಂತ ಕೇಳಿದೆ. ನಕ್ಕರು. ಊರಿನವರ ಹಲ್ಲನ್ನೆಲ್ಲ ನೇರ ಮಾಡುವ ಮನುಷ್ಯನಿಗೆ ತನ್ನದೇ ಒಂದು ಹಲ್ಲು ಸೊಟ್ಟ. ಅದನ್ನು ನೋಡಿದ ಮೇಲೆ ಅವತ್ತು ನನಗೆ ಕೆಲಸದಲ್ಲಿ ಮನಸ್ಸೇ ನಿಲ್ಲಲಿಲ್ಲ.

ಗಿಟಾರಿನ ಬಾಡಿ ಮಾಡುವುದು ಅಪ್ಪ, ತಂತಿಗಳು ಹಾಯುವ ಉದ್ದನೆಯ ನೆಕ್ ಮಾಡುವುದು ನಾನು. ತಂತಿ ಎಷ್ಟು ಅಂತ ತಿಳಿಯದೆ ನೆಕ್ಕಿಗೆ ಮರ ಕೊಯ್ಯುವ ಹಾಗಿಲ್ಲ. ಒಮ್ಮೆ ಕಿರಿದಾಗಿ ಕೊಯ್ದ ಮರವನ್ನು ಮತ್ತೆ ಅಗಲ ಮಾಡೋಕೆ ಯಾರಿಂದಲೂ ಆಗದು. ಹಾಗಾಗಿ ಡಾಕ್ಟರ ಗಿಟಾರಿಗೆ ಅಂತ ಇಟ್ಟ ಹಲಗೆ ಗೋಡೆಗೆ ಒರಗಿ ನಿಂತೇ ಇತ್ತು.

ಅವರು ತಂತಿಯ ಲೆಕ್ಕ ಬದಲಾಯಿಸಿದಾಗಲೆಲ್ಲ ನಾನು ಅವರ ಕೈ ಹಿಡಿದು ಬೆರಳಿನ ಅಳತೆ ತೆಗೆಯುತ್ತಿದ್ದೆ. ವಾರಕ್ಕೊಂದು ಸಲ ಬೆರಳು ಬೆಳೆಯುತ್ತಾ ಅಂತ ಅಪ್ಪ ಕೇಳಿದರು. ಕೇಳಿಸದವಳ ಹಾಗೆ ಅಳತೆ ಬರೆದುಕೊಂಡೆ. ನಿಜ ಹೇಳಬೇಕೆಂದರೆ, ಅವರು ನಾಲ್ಕಕ್ಕೆ ಒಪ್ಪುವ ಹಾಗೆ ಕಂಡರೆ ನಾನೇ ಐದರ ಗುಣಗಾನ ಶುರು ಮಾಡುತ್ತಿದ್ದೆ.

ಕೊನೆಗೆ ಅಪ್ಪನ ತಾಳ್ಮೆ ಕೆಟ್ಟಿತು. ಈ ಶನಿವಾರ ಕೊಯ್ಯದಿದ್ದರೆ ಆ ಹಲಗೆಯಲ್ಲಿ ಪಾತ್ರೆ ಇಡೋಕೆ ಶೆಲ್ಫ್ ಮಾಡುತ್ತೇನೆ ಅಂದರು. ನನ್ನ ಚಿಂತೆಯೇ ಬೇರೆ. ಕೊಯ್ದರೆ ಗಿಟಾರ್ ಮುಗಿಯುತ್ತದೆ, ಗಿಟಾರ್ ಮುಗಿದರೆ ಈ ಮನುಷ್ಯ ಮತ್ತೆ ಇತ್ತ ಯಾಕೆ ತಲೆ ಹಾಕುತ್ತಾನೆ?

ಶನಿವಾರ ಅವರು ಬಂದರು. ಪೆನ್ಸಿಲ್ ಹಿಡಿದು, ಆದಷ್ಟು ಗಡುಸಾಗಿ ಕೇಳಿದೆ.

"ಕೊನೇ ಮಾತು ಹೇಳಿಬಿಡಿ. ಎಷ್ಟು ತಂತಿ?"

ಅವರು ಹಲಗೆ ನೋಡಿದರು, ನನ್ನ ನೋಡಿದರು, ಮತ್ತೆ ಹಲಗೆ ನೋಡಿದರು.

"ನಾಲ್ಕೇ. ಆ ನಾಲ್ಕನ್ನೂ ನಂಗೆ ಸರಿಯಾಗಿ ನುಡಿಸೋಕೆ ಬರಲ್ಲ."

"ಮತ್ತೆ ಐದು, ಆರು ಅಂತ ಇಷ್ಟು ದಿನ ನನ್ನ ತಲೆ ಯಾಕೆ ತಿಂದ್ರಿ?"

"ಮೊದಲನೇ ದಿನಾನೇ ನಾಲ್ಕಕ್ಕೆ ನಿಂತಿದ್ರೆ, ಎರಡನೇ ಸಲ ಬರೋಕೆ ಏನಂತ ನೆಪ ಹೇಳ್ಲಿ?"

ನನ್ನ ಕಿವಿ ಬಿಸಿಯಾಯಿತು. ಗೆರೆ ಎಳೆದೆ, ಗರಗಸದ ಮಷೀನ್ ಹಾಕಿದೆ, ನಾಲ್ಕು ತಂತಿಯ ಅಗಲಕ್ಕೆ ಮರ ಕೊಯ್ದೆ. ಡಾಕ್ಟರ ಮುಖ ಬಾಡಿತು. ಪಾಪ ಅನಿಸಿತು, ಪ್ರೀತಿಯೂ ಉಕ್ಕಿ ಬಂತು. ಮಷೀನ್ ಆಫ್ ಮಾಡಿದೆ.

"ನಿಮ್ಮ ನೆಪ ಮುಗೀತು. ಇನ್ಮೇಲೆ ನನ್ನ ನೋಡೋಕೆ ಅಂತಾನೇ ಬನ್ನಿ."

ಸೊಟ್ಟ ಹಲ್ಲು ಪೂರ್ತಿ ಕಾಣುವಷ್ಟು ನಕ್ಕು, ನಾಳೆ ಬರಲಾ ಅಂದರು. ನಾಳೆ ವರ್ಕ್‌ಶಾಪಿಗೆ ರಜಾ ಅಂದೆ. ಅದಕ್ಕೇ ನಾಳೆ ಕೇಳಿದ್ದು ಅಂದರು. ಸರಿ, ಎದುರಿನ ಕಾಫಿ ಅಂಗಡಿಗೆ ಹನ್ನೊಂದಕ್ಕೆ ಬನ್ನಿ ಅಂದೆ.

ಒಳಗಿನಿಂದ ಅಪ್ಪನ ದನಿ ಬಂತು.

"ಹತ್ತಕ್ಕೇ ಬರೋಕೆ ಹೇಳಮ್ಮ. ಏನು ಕುಡೀಬೇಕು ಅಂತ ತೀರ್ಮಾನ ಮಾಡೋಕೆ ಅವ್ರಿಗೆ ಒಂದು ಗಂಟೆ ಬೇಕು."